ಆಕಳು ಕದ್ದವನ ಪುಸ್ತಕ

ಹೊಳೆ ದಂಡೆಯ ಮೇಲೆ ಒಂದು ಮಠ. ಮಠ ಅಂದರೆ ಆನೆ ಅಂಬಾರಿ ಇರುವಂಥದ್ದಲ್ಲ. ಎರಡು ಕೋಣೆ, ಒಂದು ಬೇವಿನ ಮರ, ಊಟದ ಹೊತ್ತಿಗೆ ತಪ್ಪದೆ ಬರುವ ಒಂದು ನಾಯಿ.

ಅಲ್ಲಿ ಒಬ್ಬ ಅಜ್ಜಾರು. ಅವರಿಗೊಬ್ಬನೇ ಶಿಷ್ಯ, ದುಂಡಪ್ಪ. ಮೀಸೆ ಬಂದು ಬಹಳ ವರ್ಷವಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ದುಂಡಪ್ಪ ಮಠ ಸೇರಿದ್ದು ವೈರಾಗ್ಯದಿಂದಲ್ಲ, ಚಹಾದಿಂದ. ಅಕ್ಕ ಶಾವಂತ್ರೆವ್ವನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ನಾಲ್ಕು ಜನ ನಗಲಿ ಅಂತ ಚಹಾದ ಪಾತ್ರೆಗೆ ಒಂದು ಹಿಡಿ ಉಪ್ಪು ಹಾಕಿದ್ದ.

ಯಾರೂ ನಗಲಿಲ್ಲ. ಬೇಕಂತಲೇ ಅವಮಾನ ಮಾಡಿದರು ಅಂತ ಬಂದವರು ಎದ್ದು ಹೋದರು.

ಅವ್ವ ಸತ್ತ ಮೇಲೆ ಅವನನ್ನು ಸಾಕಿದವಳು ಆ ಅಕ್ಕನೇ. ಅವಳು ಬೈಯಲಿಲ್ಲ. ಚಹಾದ ಕಪ್ಪು-ಬಸಿಗಳನ್ನು ಒಂದೊಂದಾಗಿ ತೊಳೆಯುತ್ತ ಕೂತಳು. ಬೈದಿದ್ದರೆ ಅವನು ಮನೆಯಲ್ಲೇ ಇರುತ್ತಿದ್ದ. ಆ ಬಸಿ ತೊಳೆಯುವ ಸದ್ದು ಕೇಳಲಾರದೆ ಹೊಳೆ ದಾಟಿ ಬಂದುಬಿಟ್ಟ.

ಅಜ್ಜಾರ ಹತ್ತಿರ ಒಂದು ಪುಸ್ತಕವಿತ್ತು. ಬಂದ ಭಕ್ತರು ಅದನ್ನು ವೇದಾಂತ ಅಂತ ತಿಳಿದು ಕೈಮುಗಿಯುತ್ತಿದ್ದರು. ಅದು ಒಬ್ಬ ಕಳ್ಳನ ಕಥೆ. ಅಕ್ಕನ ಆಕಳು ಕದ್ದು ಮಾರಿ, ಆಮೇಲೆ ನಿದ್ದೆ ಬಾರದೆ, ಅದೇ ಆಕಳನ್ನು ತಿರುಗಿ ಕದ್ದು, ಊರಿಗೆ ಹೊಡೆದುಕೊಂಡು ಹೊರಟವನ ಕಥೆ.

ಹಳೆಯ ಕಾಲದ ಅಚ್ಚು. ದೊಡ್ಡ ಹಾಳೆಗಳನ್ನು ಮಡಚಿ ಹೊಲಿದಿದ್ದರು, ಅಂಚು ಕತ್ತರಿಸಿರಲಿಲ್ಲ. ಮಡಿಕೆ ಸೀಳಿದರೆ ಮಾತ್ರ ಒಳಗಿನ ಪುಟ ಕಾಣುತ್ತಿತ್ತು.

ದಿನಾ ಸಂಜೆ ಅಜ್ಜಾರು ಬೇವಿನ ಕಟ್ಟೆಯ ಮೇಲೆ ಕೂತು, ಬಿದಿರಿನ ಚಕ್ಕೆಯಿಂದ ಒಂದೇ ಒಂದು ಮಡಿಕೆ ಸೀಳುತ್ತಿದ್ದರು. ಓದುವ ಮೊದಲು ಮೂಗು ಇಟ್ಟು ಮೂಸುತ್ತಿದ್ದರು.

“ಏನು ಮೂಸ್ತೀರಿ, ಅಜ್ಜಾರ? ಅದೇನು ಹುಳಿ ಸಾರೇನ್ರಿ?”

“ಅಚ್ಚಾದ ದಿನದ ಗಾಳಿ ಒಳಗ ಹಂಗ ಐತಿ ನೋಡು, ತಮ್ಮಾ. ಇಷ್ಟು ವರ್ಷ ಯಾರೂ ಉಸುರಾಡಿಲ್ಲ. ತಗೋ, ನೀನೂ ಒಂದು ಗುಟುಕು.”

ದುಂಡಪ್ಪ ಮೂಸಿದ. ಮಸಿಯ ವಾಸನೆ, ಗೋಂದಿನ ವಾಸನೆ, ಮುಚ್ಚಿಟ್ಟ ಟ್ರಂಕಿನ ವಾಸನೆ. ಯಾಕೋ ಅಕ್ಕನ ಸೀರೆ ಗಂಟು ನೆನಪಾಯಿತು.

ಅಜ್ಜಾರು ಓದುತ್ತಿದ್ದರು, ದುಂಡಪ್ಪ ಶೇಂಗಾ ಸುಲಿಯುತ್ತಿದ್ದ. ಸೀಳಿದ್ದು ಮುಗಿದರೆ ಪುಸ್ತಕ ಬಂದ್.

“ಮುಂದ ಏನಾತ್ರಿ?”

“ನನಗೇನು ಗೊತ್ತು? ನಾನೂ ನಿನ್ನ ಜೋಡೀನ ಹೊಂಟೀನಿ.”

“ಅವರಕ್ಕ ಬಾಗಲಾ ತೆಗೀತಾಳೇನ್ರಿ?”

“ನಾಳೆ ನೋಡೂಣು.”

ನಾಳೆ ಅನ್ನುವುದು ದುಂಡಪ್ಪನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಆ ಬಾಗಿಲು ತೆರೆಯುತ್ತದೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕಿತ್ತು ಅವನಿಗೆ.

ಒಂದು ಮಧ್ಯಾಹ್ನ ಅಜ್ಜಾರು ಜಳಕಕ್ಕೆ ಹೊಳೆಗಿಳಿದರು. ದುಂಡಪ್ಪ ಚಕ್ಕೆ ಎತ್ತಿಕೊಂಡು ಉಳಿದ ಮಡಿಕೆಗಳನ್ನೆಲ್ಲ ಬರ್‍ರ್ ಅಂತ ಸೀಳಿ, ಒಂದೇ ಓಟಕ್ಕೆ ಕೊನೆ ಮುಟ್ಟಿದ.

ಕೊನೆಯ ಪುಟದಲ್ಲಿ ಅಕ್ಕ ಬಾಗಿಲು ತೆರೆಯುತ್ತಾಳೆ. ತೆರೆದು ಒಂದೇ ಮಾತು ಹೇಳುತ್ತಾಳೆ. ಆ ಮಾತನ್ನು ಇಲ್ಲಿ ಹೇಳುವ ಹಾಗಿಲ್ಲ. ಅಜ್ಜಾರು ಇನ್ನೂ ಅಲ್ಲಿಗೆ ಬಂದಿಲ್ಲ.

ದುಂಡಪ್ಪ ಬೇವಿನ ಮರಕ್ಕೆ ಮುಖ ಮಾಡಿ ಅತ್ತ. ನಾಯಿ ಬಂದು ಮೂಸಿ, ತಿನ್ನುವಂಥದ್ದೇನೂ ಇಲ್ಲ ಅಂತ ಹೋಯಿತು.

ಸಂಜೆ ಅಜ್ಜಾರು ಪುಸ್ತಕ ಬಿಚ್ಚಿದರು. ಚಕ್ಕೆ ಹಿಡಿದ ಕೈ ನಿಂತಿತು. ಮೂಗಿಟ್ಟು ಮೂಸಿದರು. ಇನ್ನೊಂದು ಪುಟ ತೆರೆದು ಮೂಸಿದರು.

“ಗಾಳಿ ಹೋಗೇತಿ,” ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಅಜ್ಜಾರು ಚಕ್ಕೆಯನ್ನು ಪಂಚೆಯ ತುದಿಗೆ ಮೆಲ್ಲಗೆ ಒರೆಸುತ್ತ ಕೂತರು. ದುಂಡಪ್ಪನಿಗೆ ಕಪ್ಪು-ಬಸಿಗಳ ಸದ್ದು ಕೇಳಿದಂತಾಯಿತು.

“ತಪ್ಪಾತ್ರಿ, ಅಜ್ಜಾರ.”

“ಇಷ್ಟು ಅವಸರ ಯಾಕಪಾ?”

ದುಂಡಪ್ಪ ಆವತ್ತು ಮೊದಲ ಸಲ ಚಹಾದ ಕಥೆ ಹೇಳಿದ. ನಗೆ ಬರುವ ಹಾಗೆ ಹೇಳಲು ಹೋದ, ಬರಲಿಲ್ಲ.

ಅಜ್ಜಾರು ಪುಸ್ತಕ ಅವನ ತೊಡೆಯ ಮೇಲಿಟ್ಟರು. “ಇನ್ನ ಮ್ಯಾಲೆ ಓದಾಂವ ನೀನು. ಶೇಂಗಾ ಸುಲಿಯಾಂವ ನಾನು. ದಿನಕ್ಕೊಂದು ಮಡಿಕಿ. ಮುಂದಿನದು ಗೊತ್ತಿಲ್ಲದಾಂವನ ಹಂಗ ಓದಬೇಕು.”

“ನನ್ನ ಬಾಯಾಗ ಗುಟ್ಟು ನಿಲ್ಲಂಗಿಲ್ರಿ.”

“ಶೇಂಗಾ ಹಾಕ್ಕೊ. ನಿಲ್ತೈತಿ.”

ಮರುದಿನದಿಂದ ಹಾಗೇ ನಡೆಯಿತು. ಅಜ್ಜಾರು ಸೀಳಿಹೋದ ಮಡಿಕೆಯೊಳಗೇ ಚಕ್ಕೆ ಆಡಿಸಿ, ಮೂಸಿ, ಪುಸ್ತಕ ಕೈಗೆ ಕೊಡುತ್ತಿದ್ದರು. ದುಂಡಪ್ಪ ಓದುತ್ತಿದ್ದ.

ಓದುತ್ತ ಓದುತ್ತ ಅವನಿಗೆ ಸೋಜಿಗವಾಯಿತು. ಆವತ್ತು ಒಂದೇ ಓಟಕ್ಕೆ ಓದುವಾಗ ಇವೆಲ್ಲ ಎಲ್ಲಿದ್ದವು? ಕಳ್ಳ ಬಾವಿಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿ, ತುದಿ ಮುರಿದು ಆಕಳಿಗೆ ಕೊಟ್ಟದ್ದು. ಆಕಳ ಕೊರಳ ಗಂಟೆಗೆ ಹುಲ್ಲು ತುರುಕಿದ್ದು, ಹೊಸ ಯಜಮಾನ ಕೇಳಬಾರದು ಅಂತ. ಒಂದು ಮುಂಜಾನೆ ಯಾರದೋ ಹಿತ್ತಲಿನಿಂದ ಒಗ್ಗರಣೆ ವಾಸನೆ ಬಂದು, ಅವನು ಸುಮ್ಮನೆ ಗೋಡೆ ಹಿಡಿದು ನಿಂತದ್ದು.

“ಆ ಒಗ್ಗರಣಿದು ಇನ್ನೊಂದು ಸಲ ಓದು,” ಅನ್ನುತ್ತಿದ್ದರು ಅಜ್ಜಾರು.

ಊರು ಹತ್ತಿರವಾದಂತೆ ದುಂಡಪ್ಪನ ಓದು ನಿಧಾನವಾಯಿತು. ನಡುನಡುವೆ ಕೆಮ್ಮಿದ. ನೀರು ಕುಡಿದ. ಒಂದು ಸಾಲು ಕಾಣುವುದಿಲ್ಲ ಅಂತ ಪುಸ್ತಕವನ್ನು ಬೆಳಕಿಗೆ ಹಿಡಿದ. ಇದು ಮುಗಿಯಬಾರದು ಅನ್ನಿಸುತ್ತಿತ್ತು ಅವನಿಗೆ. ಅಜ್ಜಾರು ಶೇಂಗಾ ಸುಲಿಯುತ್ತ ಅವನ ಮುಖವನ್ನೇ ನೋಡುತ್ತಿದ್ದರು.

ಕಡೆಗೊಂದು ಸಂಜೆ ಕಳ್ಳ ಅಕ್ಕನ ಮನೆ ಮುಂದೆ ಬಂದ. ಗಂಟೆಯೊಳಗಿನ ಹುಲ್ಲು ಕಿತ್ತ. ಬಾಗಿಲ ಚಿಲಕ ಬಡಿದ.

ದುಂಡಪ್ಪ ಪುಟ ತಿರುವಲು ಬೆರಳು ಒದ್ದೆ ಮಾಡಿಕೊಂಡ. ಅಜ್ಜಾರು ಪುಸ್ತಕದ ಮೇಲೆ ಕೈಯಿಟ್ಟರು.

“ಸಾಕು.”

“ಇನ್ನ ಒಂದ ಪುಟ ಐತ್ರಿ.”

“ಗೊತ್ತೈತಿ.”

“ನೀವು ಇಷ್ಟು ದಿನ ಕಾದದ್ದು ಇದಕ್ಕ ಅಲ್ಲೇನ್ರಿ?”

ಅಜ್ಜಾರು ಹೊಳೆಯ ಆಚೆ ದಂಡೆ ನೋಡಿದರು.

“ನಿಮ್ಮಕ್ಕ ಅದ ಮನ್ಯಾಗ ಅದಾಳೇನು?”

“ಅದಾಳಂತ್ರಿ. ಅಂಬಿಗರವ ಹೇಳ್ತಿರ್ತಾನ.”

“ಮತ್ತ ಯಾಕ ಹೋಗಿಲ್ಲ?”

ದುಂಡಪ್ಪ ಶೇಂಗಾ ಸಿಪ್ಪೆಗಳನ್ನು ಗುಡ್ಡೆ ಮಾಡಿದ, ಕೆಡವಿದ, ಮತ್ತೆ ಗುಡ್ಡೆ ಮಾಡಿದ.

“ಬಾಗಲಾ ತೆಗೆದು ಏನಂತಾಳೋ ಅಂತ್ರಿ.”

“ಈ ಕಳ್ಳನ ಅಕ್ಕ ಏನಂದ್ಲು ಅಂತ ನಿನಗ ಗೊತ್ತೈತಲ್ಲ?”

“ಅದು ಪುಸ್ತಕರೀ, ಅಜ್ಜಾರ.”

“ಹೌದು,” ಅಂದರು ಅಜ್ಜಾರು.

ಚಕ್ಕೆಯನ್ನು ಆ ಪುಟದಲ್ಲೇ ಗುರುತಿಗಿಟ್ಟರು. ಹೆಗಲ ಮೇಲಿನ ಕಾವಿ ವಸ್ತ್ರ ತೆಗೆದು ಪುಸ್ತಕ ಸುತ್ತಿದರು. ಸುಲಿದ ಶೇಂಗಾ ಒಂದು ಬೊಗಸೆ, ಬೆಲ್ಲ ಒಂದು ಚೂರು, ಅದರ ಮೇಲಿಟ್ಟು ಗಂಟು ಹಾಕಿ ಅವನ ಕೈಗೆ ಕೊಟ್ಟರು.

ಹೊಳೆಯಲ್ಲಿ ದೋಣಿ ಈಚೆ ದಂಡೆಗೆ ತಿರುಗುತ್ತಿತ್ತು.

“ಇದನ್ನ ನಾ ಒಯ್ದರ ನಿಮಗ ಕೊನೀ ಪುಟ?” ಅಂದ ದುಂಡಪ್ಪ. “ನಿಂತ ಕಾಲ ಮ್ಯಾಲ ಓದಿ ಹೇಳಿಬಿಡ್ಲೇನ್ರಿ?”

“ಬ್ಯಾಡ. ನಿಮ್ಮಕ್ಕ ಏನಂದ್ಲು ಅಂತ ಕೇಳ್ಕೊಂಡು ಬಾ. ನಾ ಇಲ್ಲೇ ಕುಂತಿರ್ತೀನಿ.”