ಬೇಲಿಯ ಆಚೆಯ ಕೂಸು

ಹೊಳೆಯ ದಂಡೆಗೆ ಒಂದು ಚಿಕ್ಕ ಮಠ. ಅಲ್ಲಿ ಮರುಳಯ್ಯಜ್ಜ ಎಂಬ ಗುರು, ಚನ್ನವೀರ ಎಂಬ ಶಿಷ್ಯ.

ಸುತ್ತಲಿನ ಹೆಂಗಸರು ಬೆಳಗಾದರೆ ಕೂಲಿಗೆ ಹೋಗುತ್ತಿದ್ದರು. ಅವರ ಚಿಕ್ಕ ಮಕ್ಕಳು ನೋಡುವವರಿಲ್ಲದೆ ಎಲ್ಲೆಂದರಲ್ಲಿ ಬೆಳೆಯುತ್ತಿದ್ದವು. ಆ ಮಕ್ಕಳಿಗೆಂದೇ ಮಠದ ಜಾಗದಲ್ಲಿ ಒಂದು ಮನೆ ಕಟ್ಟಿಸುವ ಆಸೆ ಅಜ್ಜನಿಗೆ.

"ಚನ್ನವೀರಾ, ನೀನ ನಿಂತು ಕಟ್ಟಸು," ಎಂದರು.

"ನನಗ ಕಟ್ಟೂ ಕೆಲಸ ಏನ್ ಗೊತ್ತೈತ್ರಿ ಅಜ್ಜಾರ?"

"ಗ್ವಾಡಿ ವಿಚಾರ ಗೌಂಡಿ ಮೌಲಾಸಾಬಗ ಗೊತ್ತೈತಿ. ನೀ ಎಲ್ಲಾರನೂ ನೋಡ್ಕೊ."

ಚನ್ನವೀರ ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಮುಂದೆ ಹೇಳಲು ಬಾಯಿ ಬರಲಿಕ್ಕಿಲ್ಲ. ಕಿಟಕಿ ಮಗುವಿನ ಕಣ್ಣಿಗೆ ಸಮನಾಗಿರಬೇಕೆಂದು ಮಂಡಿಯೂರಿ ಕೂತು ಅಳತೆ ಕೊಟ್ಟವನು ಅವನು. ಮೆಟ್ಟಿಲು ಎತ್ತರವಾಯಿತೆಂದು ಕಟ್ಟಿದ್ದನ್ನು ಒಡೆಸಿ ಮತ್ತೆ ಕಟ್ಟಿಸಿದ. ಗೋಡೆ ಕಟ್ಟುವ ಮೌಲಾಸಾಬ ಗೊಣಗಿದರೂ ಬಿಡಲಿಲ್ಲ.

ಕೆಲಸಕ್ಕೆ ಬಂದ ಹೆಂಗಸರು ಕೂಸುಗಳನ್ನೂ ತರುತ್ತಿದ್ದರು. ಗೋಡೆಯ ಪಕ್ಕ ನಿಲ್ಲಿಸಿದ ಸಾರವೆಯ ಬೊಂಬಿಗೆ ಹಳೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುವುದು ಅವರ ರೂಢಿ. ಬುಟ್ಟಿ ಹೊತ್ತು ಹೋಗುವಾಗ ಒಮ್ಮೆ ತೂಗುವುದು, ಬರುವಾಗ ಒಮ್ಮೆ ತೂಗುವುದು.

ಒಂದು ದಿನ ಮೇಲಿನಿಂದ ಇಟ್ಟಿಗೆಯೊಂದು ಜಾರಿತು. ಜೋಳಿಗೆಯಿಂದ ಒಂದು ಗೇಣು ಆಚೆ ಬಿತ್ತು. ಚನ್ನವೀರ ಓಡಿಬಂದು ಕೂಸನ್ನು ಎತ್ತಿಕೊಂಡ.

ಮರುದಿನವೇ ಸುತ್ತಲೂ ಜಾಲಿಮುಳ್ಳಿನ ಬೇಲಿ ಹಾಕಿಸಿದ.

"ಇನ್ ಮ್ಯಾಲೆ ಕೂಸು ಒಳಗ ಬರಂಗಿಲ್ಲ."

"ಮತ್ತ ಎಲ್ಲಿ ಬಿಡೂಣ್ರಿ?" ಎಂದಳು ದುರಗವ್ವ. ಗಂಡ ತೀರಿದವಳು. ಅವಳಿಗಿದ್ದದ್ದು ಎರಡು ವರ್ಷದ ಮಗಳು ರೇಣಿ ಒಬ್ಬಳೇ.

"ಮನ್ಯಾಗ ಬಿಡ್ರಿ. ಆರು ತಿಂಗಳು ತಡಕೊಳ್ರಿ. ಆಮ್ಯಾಲೆ ಇದು ಅವರದ ಮನಿ."

ಮರುಳಯ್ಯಜ್ಜ ಬಂದು ಬೇಲಿ ನೋಡಿದರು. ಏನೂ ಅನ್ನದೆ ಹೋದರು.

ಛಾವಣಿಗೆ ಸ್ಲ್ಯಾಬ್ ಹಾಕುವ ದಿನ ಬಂತು. ಆ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸಬೇಕು. ಒಬ್ಬಳು ಕಡಿಮೆಯಾದರೂ ಸಾಲು ತಡವರಿಸುತ್ತದೆ.

ದುರಗವ್ವ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದು ಬೇಲಿಯ ಬಾಯಲ್ಲಿ ನಿಂತಳು.

"ಮೈ ಕಾದೈತ್ರಿ ಸ್ವಾಮ್ಯಾರ. ಇವತ್ತೊಂದ ದಿನ ಒಳಗ ಆ ಬೇವಿನ ಗಿಡದ ಬುಡಕ ಹಾಕ್ಕೋತೀನ್ರಿ. ಅಳಂಗಿಲ್ಲ ಅದು."

"ನಿನಗ ಬಿಟ್ರ ನಾಳೆ ಎಲ್ಲಾರೂ ತರ್ತಾರ. ಬೇಕಾದ್ರ ಇವತ್ತ ಮನಿಗೆ ಹೋಗು."

ದುರಗವ್ವ ಸಾಲಿನ ಕಡೆ ನೋಡಿದಳು. ಅವಳ ಜಾಗ ಖಾಲಿಯಿತ್ತು. ಇವತ್ತು ನಿಲ್ಲದವಳನ್ನು ನಾಳೆ ಯಾರು ಕರೆಯುತ್ತಾರೆ? ನೆರೆಮನೆಯವರಿಗೆ ಒಪ್ಪಿಸೋಣವೆಂದರೆ ಅವರೂ ಆ ಸಾಲಿನಲ್ಲೇ ಇದ್ದರು.

ಅವಳು ತನ್ನ ತಗಡಿನ ಗುಡಿಸಲಿಗೆ ಹಿಂದಿರುಗಿದಳು. ಕೂಸು ಹೊಳೆಯ ಕಡೆ ಹೋಗದಿರಲೆಂದು ಅದರ ಕಾಲಿಗೆ ಸೀರೆಯ ಚೂರು ಬಿಗಿದು ಕಂಬಕ್ಕೆ ಕಟ್ಟಿದಳು. ಚೊಂಬಿನಲ್ಲಿ ನೀರಿಟ್ಟಳು. ಓಡಿಬಂದು ಸಾಲು ಸೇರಿದಳು.

ಸಂಜೆಗೆ ಸ್ಲ್ಯಾಬ್ ಮುಗಿಯಿತು. ಮುಗಿದ ಮೇಲೆ ಸಿಹಿ ಹಂಚುವುದು ಪದ್ಧತಿ. ಚನ್ನವೀರ ಹಿಗ್ಗಿನಿಂದ ತಾನೇ ಎಲ್ಲರ ಕೈಗೂ ಪೇಢೆ ಕೊಟ್ಟ. ದುರಗವ್ವ ತನ್ನದನ್ನು ತಿನ್ನಲಿಲ್ಲ. ಮಗಳಿಗೆಂದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋದಳು.

ತಗಡಿನ ಕೆಳಗಿನ ಕಾವಿನಲ್ಲಿ ಜ್ವರ ಏರಿ ರೇಣಿ ಸತ್ತುಹೋಗಿದ್ದಳು. ಚೊಂಬು ಉರುಳಿ ಬಿದ್ದಿತ್ತು.

ಮಣ್ಣು ಮಾಡುವಾಗ ಚನ್ನವೀರ ದೂರದಲ್ಲೇ ನಿಂತಿದ್ದ. ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಂದು ಗುರುವಿನ ಕಾಲಿಗೆ ಬಿದ್ದ.

"ನಾ ಕೊಂದೆ ಅಜ್ಜಾರ."

ಅಜ್ಜ ಅಲ್ಲ ಎನ್ನಲಿಲ್ಲ.

"ಬೇಲಿ ನಾನೂ ನೋಡಿದ್ದೆ," ಎಂದರು. "ಚೊಲೊ ಕಾಳಜಿ ಮಾಡ್ಯಾನ ಅಂತ ಸುಮ್ಮನ ಹೋದೆ. ಈ ತಪ್ಪಿನ್ಯಾಗ ನಾನೂ ಅದೀನಿ."

"ಶಿಕ್ಷಾ ಕೊಡ್ರಿ. ಶ್ರೀಶೈಲಕ್ಕ ನಡಕೋತ ಹೋಗು ಅನ್ರಿ, ಹೋಗ್ತೀನಿ. ಇಲ್ಲಾಂದ್ರ ಆ ಮನಿಗೆ ರೇಣಿ ಹೆಸರು ಇಡ್ತೀನಿ. ಕಲ್ಲಿನ್ಯಾಗ ಕೊರಸಿ ಬಾಗಲದಾಗ ಹಚ್ಚತೀನಿ."

"ದುರಗವ್ವನ್ನ ಕೇಳಿದೇನು?"

"ಯಾವ ಮುಖಾ ಇಟಗೊಂಡು ಕೇಳ್ಲಿ?"

"ಇದ್ದ ಮುಖಾನ ಇಟಗೊಂಡು ಹೋಗು."

ಚನ್ನವೀರ ಹೋದ. ದುರಗವ್ವ ಗುಡಿಸಲಿನಲ್ಲಿರಲಿಲ್ಲ. ಕಟ್ಟಡದ ಮೇಲೆ ಹತ್ತಿ ಕೊಡದಿಂದ ನೀರು ಸುರಿಯುತ್ತಿದ್ದಳು. ಹೊಸ ಸ್ಲ್ಯಾಬಿಗೆ ದಿನವೂ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ.

"ಯವ್ವಾ, ಇಷ್ಟ ಲಗೂನ ನೀ ಯಾಕ ಬಂದಿ?"

"ಮನ್ಯಾಗ ಕುಂತ್ರ ಆ ಕಂಬ ಕಾಣಸ್ತತ್ರಿ," ಎಂದಳು.

ಅವನಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಹೆಸರಿನ ಮಾತು ಹೇಳಿದ.

"ಬ್ಯಾಡ್ರಿ. ಅಕಿ ಹೆಸರ ಕರದ್ರ ಓಡಿ ಬರ್ತಿದ್ಲು. ಈಗ ಮಂದಿ ಎಲ್ಲಾ ದಿನಾ ಕರದ್ರ ನಾ ಹೆಂಗ ಕೇಳ್ಲಿ?"

ಅವಳು ಖಾಲಿ ಕೊಡ ಎತ್ತಿಕೊಂಡು ಕೆಳಗಿಳಿದಳು.

ಇದನ್ನು ಕೇಳಿ ಮರುಳಯ್ಯಜ್ಜ ಎದ್ದರು. ನೇರವಾಗಿ ಹೋಗಿ ಬರಿಗೈಯಿಂದ ಬೇಲಿಯ ಮುಳ್ಳು ಕೀಳತೊಡಗಿದರು. ಬೆರಳಲ್ಲಿ ನೆತ್ತರು ಬಂತು. ಶಿಷ್ಯ ಕೈ ಹಿಡಿದರೂ ಕೇಳಲಿಲ್ಲ. ಒಂದು ಬಂಡಿ ಹೋಗುವಷ್ಟು ದಾರಿಯಾದ ಮೇಲೆ ಹೆಗಲ ಮೇಲಿನ ಕಾವಿಬಟ್ಟೆ ತೆಗೆದು ಬೇವಿನ ಕೊಂಬೆಗೆ ಜೋಳಿಗೆ ಕಟ್ಟಿದರು.

"ಅಜ್ಜಾರ, ಮತ್ತ ಇಟ್ಟಂಗಿ ಬಿದ್ರ?"

"ಬಿದ್ರೂ ಇಲ್ಲಿತನಕ ಬರಂಗಿಲ್ಲ."

"ಮಕ್ಕಳು ಇಲ್ಲೇ ನಿಲ್ಲತಾವೇನ್ರಿ? ಗ್ವಾಡಿ ಕಡೆ ಓಡತಾವ."

"ಓಡತಾವ. ಅದಕ್ಕ ನೀ ಇಲ್ಲಿ ಕುಂದ್ರು."

"ನಾನ? ಮತ್ತ ಕೆಲಸ?"

"ಇದ ಕೆಲಸ."

ಮರುದಿನ ಏಳು ಕೂಸುಗಳು ಬಂದವು. ಶಾಸ್ತ್ರದ ಪುಸ್ತಕ ಬಿಟ್ಟು ಬೇರೆ ಹಿಡಿದು ಗೊತ್ತಿಲ್ಲದ ಚನ್ನವೀರನ ಕೈಗಳು ಮೂಗು ಒರೆಸಿದವು, ಗಂಜಿ ಉಣ್ಣಿಸಿದವು, ತೊಳೆಯುವುದನ್ನೂ ತೊಳೆದವು. ಒಂದು ಕೂಸು ದಿನಾ ಅವನ ಗಡ್ಡ ಹಿಡಿದು ಜಗ್ಗುತ್ತಿತ್ತು. ಹೆಂಗಸರು ಅದನ್ನು ನೋಡಿ ನಗುತ್ತಿದ್ದರು, ದುರಗವ್ವ ಹತ್ತಿರವಿದ್ದರೆ ನಗು ನುಂಗುತ್ತಿದ್ದರು.

ದುರಗವ್ವ ಮಾತ್ರ ಬುಟ್ಟಿ ಹೊತ್ತು ಬೇವಿನ ಮರದ ಹತ್ತಿರ ಬಂದಾಗಲೆಲ್ಲ ನಿಧಾನವಾಗುತ್ತಿದ್ದಳು. ಒಂದೊಂದೇ ಜೋಳಿಗೆ ನೋಡುತ್ತಿದ್ದಳು. ಆಮೇಲೆ ಹೋಗುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ.

ಹತ್ತು ದಿನ ಕಳೆದ ಮೇಲೆ ಅಜ್ಜ ಆ ಕಡೆ ಬಂದರು. ಚನ್ನವೀರನ ತೊಡೆಯ ಮೇಲೆ ಒಂದು ಕೂಸು ನಿದ್ದೆ ಹೋಗಿತ್ತು. ಅವನ ಕಣ್ಣು ಕೆಂಪಾಗಿತ್ತು.

"ಬೈದ್ರ ತಡಕೋತಿದ್ದೆ ಅಜ್ಜಾರ. ಅಕಿ ಬೈಯಂಗಿಲ್ಲ. ಹೋಗ್ತಾ ಬರ್ತಾ ನೋಡ್ತಾಳ, ಅಷ್ಟ. ನನ್ನ ಕಡೆಯಿಂದ ಆಗವಲ್ದು. ಇಲ್ಲಿಂದ ನನ್ನ ಎಬ್ಬಸ್ರಿ, ಬ್ಯಾರೆ ಯಾರನ್ನಾರ ಕುಂದ್ರಸ್ರಿ."

ಅಜ್ಜ ಬಗ್ಗಿ ಕೂಸಿನ ಮುಖದ ಮೇಲಿನ ನೊಣ ಓಡಿಸಿದರು.

"ಅಕಿ ನೋಡೂದು ಯಾವಾಗ ಬಿಡ್ತಾಳ್ರಿ?"

ಆಗಲೇ ದುರಗವ್ವ ಬುಟ್ಟಿ ಹೊತ್ತು ಬಂದಳು. ಮರದ ಹತ್ತಿರ ಹೆಜ್ಜೆ ನಿಧಾನವಾಯಿತು. ಅವಳು ದಾಟಿ ಹೋಗುವವರೆಗೂ ಅಜ್ಜ ತಲೆ ತಗ್ಗಿಸಿ ನಿಂತಿದ್ದರು.

"ಅಕಿ ಬಿಡಂಗಿಲ್ಲ ಚನ್ನವೀರಾ," ಎಂದರು. "ನೀ ಏಳಬ್ಯಾಡ."