ಎಲ್ಲ ಹಸಿರಾದರೂ ಹೊರಡದ ಕಾರು

“ಅಜ್ಜಾರ, ನೀವು ಹೇಳಿದಂಗ ಕುಡಿಯೂದು ಬಿಟ್ಟೆ. ಇಸ್ಪೀಟ ಬಿಟ್ಟೆ. ಮನ್ಯಾಗ ದನಿ ಎತ್ತೂದೂ ಬಿಟ್ಟೆ. ಆದ್ರೂ ನಾ ಒಳಗ ಬಂದ್ರ ಮಗಳು ಎದ್ದು ಹೊರಗ ಹೋಗ್ತಾಳ. ಇನ್ನೇನು ಬಿಡಬೇಕ್ರಿ ನಾನು?”

ಹೀಗೆ ಕೇಳಿದವನು ಅಡಿವೆಪ್ಪ. ಕೇಳಿದ್ದು ಮಠದ ಹಿರಿಯ ಸ್ವಾಮಿಗಳನ್ನು. ಭಕ್ತರ ಬಾಯಲ್ಲಿ ಅವರು ಅಜ್ಜ. ಈ ಪ್ರಶ್ನೆ ಹೊಸದಲ್ಲ. ಹೋದ ಸಲ ಕೇಳಿದಾಗ ಅಜ್ಜನವರು ತಾಳ್ಮೆ ಇರಲಿ ಎಂದಿದ್ದರು. ತಾಳಿ ತಾಳಿ ಅವನಿಗೂ ಸಾಕಾಗಿತ್ತು, ಹೇಳಿ ಹೇಳಿ ಅವರಿಗೂ ಸಾಕಾಗಿತ್ತು. ಮಗಳು ಅವನೊಡನೆ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು. ಒಂದೇ ಸೂರಿನಡಿ ಹೀಗಿರುವುದು ಅವನಿಂದ ಇನ್ನು ಆಗುತ್ತಿರಲಿಲ್ಲ.

ಅಜ್ಜನವರು ನಿಟ್ಟುಸಿರು ಬಿಟ್ಟು ಕತೆಗೆ ತೊಡಗಿದರು. ಕತೆ ಹೇಳುವಾಗ ಅವರ ಮಾತು ಪುರಾಣ ಹೇಳುವಾಗಿನ ಹಾಗೆ ಗ್ರಂಥದ ಮಾತಾಗುತ್ತಿತ್ತು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೆ ಕಂಪ್ಯೂಟರಿನಲ್ಲಿ ಗ್ಯಾರೇಜಿನ ಆಟ ಆಡುವ ಹುಚ್ಚು. ಆ ಆಟದಲ್ಲಿ ಆಡುವವನೇ ಮಿಸ್ತ್ರಿ. ಕೆಟ್ಟು ನಿಂತ ಕಾರು ತರಬೇಕು, ಬಿಚ್ಚಬೇಕು, ಹಾಳಾದ ಭಾಗ ತೆಗೆದು ಹೊಸದು ಹಾಕಬೇಕು, ಓಡಿಸಬೇಕು. ಕೈಗೆ ಗ್ರೀಸು ಹತ್ತುವುದಿಲ್ಲ, ಸೊಂಟ ಹಿಡಿಯುವುದಿಲ್ಲ. ಮಠದಲ್ಲಿರುವವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಬೇಡ. ಮಠಕ್ಕೆ ಬರುವವರು ದೇವರ ವಿಷಯ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾರೆ.

ಒಂದು ದಿನ ಆಟದೊಳಗಿನ ಪಾಳು ಕೊಟ್ಟಿಗೆಯಲ್ಲಿ ಅವನಿಗೆ ಬಹಳ ಹಳೆಯ ಕಾಲದ ಕಾರೊಂದು ಸಿಕ್ಕಿತು. ಯಾರೋ ನಿಲ್ಲಿಸಿ ಮರೆತದ್ದು. ಟೈರು ನೆಲ ಕಚ್ಚಿತ್ತು. ಬಾಗಿಲನ್ನು ತುಕ್ಕು ತಿಂದು ಜರಡಿ ಮಾಡಿತ್ತು. ಆದರೂ ಅದರ ದುಂಡು ದೀಪಗಳನ್ನು ಕಂಡು ವ್ಯಾಪಾರಿಯ ಮನಸ್ಸು ಕರಗಿತು. ಇದನ್ನು ಓಡಿಸಿಯೇ ಸೈ ಎಂದುಕೊಂಡ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಮರುದಿನ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ.

ಆಟದಲ್ಲಿ ಒಂದು ಅನುಕೂಲವಿತ್ತು. ಒಂದು ಗುಂಡಿ ಒತ್ತಿದರೆ ಹಾಳಾದ ಭಾಗಗಳು ಕೆಂಪಾಗಿಯೂ ಚೆನ್ನಾಗಿರುವವು ಹಸಿರಾಗಿಯೂ ಕಾಣುತ್ತಿದ್ದವು. ವ್ಯಾಪಾರಿ ಒತ್ತಿದ. ಮೆಣಸಿನಕಾಯಿ ಒಣಹಾಕಿದ ಕಣದ ಹಾಗೆ ಕಾರು ಅಡಿಯಿಂದ ಮುಡಿಯವರೆಗೆ ಕೆಂಪು.

ಅವನ ಕೆಲಸದ ರೀತಿ ಒಂದೇ. ಕೆಂಪಗೆ ಕಂಡದ್ದನ್ನು ಬಿಚ್ಚುವುದು, ಅಂಥದೇ ಹೊಸದನ್ನು ತಂದು ಅದೇ ಜಾಗದಲ್ಲಿ ಕೂರಿಸುವುದು. ಬ್ರೇಕು ಬಿಚ್ಚಿದ, ಹೊಸದು ಹಾಕಿದ. ಇಂಜಿನ್ನು ಇಳಿಸಿ ಪಿಸ್ಟನ್ನುಗಳನ್ನೆಲ್ಲ ಬದಲಾಯಿಸಿದ. ಅಂಗಡಿಯಿಂದ ಬಂದವನು ಕೈಕಾಲು ಸಹ ತೊಳೆಯದೆ ಆಟಕ್ಕೆ ಕೂರುತ್ತಿದ್ದ. ಹೆಂಡತಿ ತಂದಿಟ್ಟ ಬಿಸಿ ರೊಟ್ಟಿ ಅವನು ಏಳುವಷ್ಟರಲ್ಲಿ ಹಪ್ಪಳವಾಗುತ್ತಿತ್ತು. ಅವಳು ಮೊದಮೊದಲು ಕೂಗಿದಳು, ಆಮೇಲೆ ಕೂಗುವುದನ್ನೂ ಬಿಟ್ಟಳು.

ಅಂತೂ ಕಾರೆಲ್ಲ ಹಸಿರಾಯಿತು. ಬಣ್ಣ ಹೊಡೆದ. ಎಣ್ಣೆ, ಪೆಟ್ರೋಲು ತುಂಬಿದ. ಉಬ್ಬಿಹೋಗಿ ಕೀಲಿ ತಿರುವಿದ. ಕಾರು ಗುರ್ ಗುರ್ ಎಂದು ಸುಮ್ಮನಾಯಿತು. ಮತ್ತೆ ತಿರುವಿದ. ಜಪ್ಪಯ್ಯ ಎಂದರೂ ಹೊರಡಲಿಲ್ಲ.

ಗುಂಡಿ ಒತ್ತಿ ನೋಡಿದ. ಎಲ್ಲ ಹಸಿರು. ಇಂಜಿನ್ನನ್ನು ಮತ್ತೆ ಇಳಿಸಿ, ಹೊಸದನ್ನೇ ಬಿಚ್ಚಿ ಇನ್ನೂ ಹೊಸದನ್ನು ಹಾಕಿದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಬೆಳಗಾದರೆ ಪಕ್ಕದ ಬಟ್ಟೆ ಅಂಗಡಿಯವನ ಕಾಟ ಬೇರೆ: “ಏನ್ರೀ ಸಾವ್ಕಾರ್ರ, ಹೊಂಟಿತೇನ್ರಿ ಗಾಡಿ?” ವ್ಯಾಪಾರಿಗೆ ಮೈಯೆಲ್ಲ ಉರಿಯುತ್ತಿತ್ತು. ಆಟ ಮಾಡಿದವರನ್ನು ಬೈದ, ಕಂಪ್ಯೂಟರನ್ನು ಬೈದ. ಕೊನೆಗೆ ಪರದೆಗೆ ಮುಖ ತಾಗಿಸಿ ಕಾರನ್ನೇ ಬೈದ: “ಇನ್ನೇನು ತೆಗೀಲಿ ನಿನ್ನಿಂದ, ದರಿದ್ರದ್ದೇ!”

ಆ ಸಿಟ್ಟನ್ನು ಹೊತ್ತುಕೊಂಡೇ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಹೆಂಗಸು ಕುಕ್ಕರು ಹಿಡಿದುಕೊಂಡು ಬಂದಳು. “ಸೀಟಿ ಹೊಡಿಯಂಗಿಲ್ರಿ ಇದು. ಸೀಟಿ ಹೊಸಾದು ಹಾಕೀನಿ, ಒಳಗ ಹೊರಗ ತಿಕ್ಕೀನಿ. ಆದ್ರೂ ಬರೇ ಬುಸ್ ಅಂತೈತಿ,” ಎಂದಳು.

ವ್ಯಾಪಾರಿ ಮುಚ್ಚಳ ತೆಗೆದ. ಕುಕ್ಕರು ಕನ್ನಡಿಯಂತೆ ಹೊಳೆಯುತ್ತಿತ್ತು. ಮುಚ್ಚಳದ ಸುತ್ತ ಇರಬೇಕಾದ ರಬ್ಬರೇ ಇರಲಿಲ್ಲ.

“ಯಕ್ಕಾ, ರಬ್ಬರ್ ಎಲ್ಲೈತಿ? ಇದ್ದದ್ದನ್ನ ಎಷ್ಟು ತಿಕ್ಕಿದ್ರೇನು? ಇಲ್ಲದ್ದು ಯಾವುದು ಅಂತ ನೋಡಬೇಕೋ ಬ್ಯಾಡೋ!” ಎಂದು ರೇಗಿದ. ರೇಗಿದವನಿಗೆ ತನ್ನ ಕಾರು ನೆನಪಾಯಿತು. ಅವಳಿಗೆ ರಬ್ಬರು ಹಾಕಿಕೊಟ್ಟು, ಅಂಗಡಿಯ ಬಾಗಿಲೆಳೆದು ಮನೆಗೆ ಓಡಿದ. ಬಟ್ಟೆ ಅಂಗಡಿಯವನು ಏನೋ ಕೂಗಿದ, ಇವನು ತಿರುಗಿ ನೋಡಲಿಲ್ಲ.

ಈ ಸಲ ಅವನು ಕೆಂಪನ್ನು ಹುಡುಕಲಿಲ್ಲ. ಆಟದಲ್ಲಿದ್ದ, ಚೆನ್ನಾಗಿ ಓಡುವ ಇನ್ನೊಂದು ಹಳೆಯ ಕಾರನ್ನು ತಂದು ಪಕ್ಕದಲ್ಲಿ ನಿಲ್ಲಿಸಿದ. ಅದರಲ್ಲಿ ಏನೇನು ಇದೆ ಎಂದು ನೋಡುತ್ತ ಬಂದ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿಯೊಂದು ಇಂಜಿನ್ನಿನಲ್ಲಿ ಇರುತ್ತದೆ. ಅದರ ಮುಚ್ಚಳ ತೆಗೆದಾಗ ಒಳಗೆ ತಿರುಗುವ ಸಣ್ಣ ತುಂಡೊಂದು ಕಂಡಿತು. ತನ್ನ ಕಾರಿನ ಮುಚ್ಚಳವನ್ನೂ ತೆಗೆದ. ಅಲ್ಲಿ ಬರಿದು.

ಕೊಟ್ಟಿಗೆಯಲ್ಲಿ ಸಿಕ್ಕಾಗಲೇ ಆ ತುಂಡು ಇರಲಿಲ್ಲ. ಮುಚ್ಚಳ ಕೆಂಪಗಿದ್ದುದರಿಂದ ಅದನ್ನು ಬದಲಾಯಿಸಿದ್ದ. ಅದರ ಕೆಳಗೆ ಏನಿರಬೇಕು ಎಂದು ನೋಡಿರಲಿಲ್ಲ. ಇಲ್ಲದ್ದು ಕೆಂಪಾಗುವುದು ಹೇಗೆ? ಕೆಂಪಾಗದ್ದನ್ನು ಅವನು ಬಿಚ್ಚಲಿಲ್ಲ, ಬಿಚ್ಚದ್ದಕ್ಕೆ ಬದಲಿ ತರಲಿಲ್ಲ. ಈಗ ತಂದು ಹಾಕಿದ. ಕೀಲಿ ತಿರುವಿದ. ಕಾರು ಹೊರಟಿತು.

ಅಜ್ಜನವರು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ. ಮಗಳ ಮಾತೆತ್ತಿದರೆ ಕಾರು, ಕುಕ್ಕರು ಎನ್ನುತ್ತಾರಲ್ಲ ಎಂದು ಅವನಿಗೆ ಕೋಪವೇ ಬಂತು.

“ಅಜ್ಜಾರ, ನನ್ನೊಳಗ ಈಗ ಒಂದೂ ಕೆಂಪು ಉಳಿದಿಲ್ರಿ. ಬೇಕಾದ್ರ ಊರ ಮಂದೀನ ಕೇಳ್ರಿ,” ಎಂದ.

“ಇಲ್ಲಪಾ, ಉಳಿದಿಲ್ಲ,” ಎಂದರು ಅಜ್ಜನವರು. “ನಿನ್ನ ಮಗಳು ಈಗ ಎಷ್ಟನೇ ಕ್ಲಾಸಿನ್ಯಾಗ ಅದಾಳ?”

ಅಡಿವೆಪ್ಪ ಮಗಳನ್ನು ಶಾಲೆಗೆ ಸೇರಿಸಿದ ವರ್ಷದಿಂದ ಬೆರಳು ಮಡಚಿ ಎಣಿಸತೊಡಗಿದ.