ಕಿಟಕಿಯ ಕೆಳಗಿನವಳ ಅರ್ಜಿ

ಹೇಮವ್ವ ವಾಚನಾಲಯದ ಕಿಟಕಿಯ ಕೆಳಗೆ ಕೂತು ಹೂ ಮಾರುತ್ತಿದ್ದಳು. ಏಳನೇ ಇಯತ್ತೆಗೇ ಶಾಲೆ ಬಿಡಿಸಿದ್ದರು, ಓದುವ ಆಸೆ ಮಾತ್ರ ಬಿಟ್ಟಿರಲಿಲ್ಲ. ಒಳಗೆ ಯಾರಾದರೂ ಪುಟ ತಿರುವಿದರೆ ಸಾಕು, ಮಾಲೆ ಕಟ್ಟುವ ಕೈ ನಿಂತುಬಿಡುತ್ತಿತ್ತು.

ಒಮ್ಮೆ ಅಲ್ಲಿ ಪುಸ್ತಕ ಜೋಡಿಸುವ ಕೆಲಸ ಖಾಲಿಯಾಯಿತು. ಅಧ್ಯಕ್ಷರಾದ ದೇಸಾಯರು ಬಾಗಿಲಲ್ಲಿ ನಿಂತು ಗುಡುಗಿದರು: "ಅರ್ಜಿಯೊಳಗ ಎಲ್ಲಾರೂ ತಮ್ಮನ್ನ ತಾವ ಹೊಗಳಿಕೋತಾರ. 'ನಾನು' ಅಂತ ಕಂಡ್ರ ಹರದು ಒಗೀತೀನಿ!"

ಹೇಮವ್ವ ಬರೆದುಕೊಟ್ಟಳು: "ನಿಮ್ಮ ಕಿಟಕಿಯ ಕೆಳಗೆ ಒಬ್ಬಳು ಕೂರುತ್ತಾಳೆ. ಪುಸ್ತಕದ ವಾಸನೆ ಬಂದರೆ ಅವಳಿಗೆ ಮಲ್ಲಿಗೆಯೂ ಬೇಡ. ಹೂ ಬಾಡಗೊಡದವಳು ಪುಸ್ತಕಕ್ಕೆ ಧೂಳು ಕೂರಗೊಡಳು. ಅವಳನ್ನು ಒಳಗೆ ಕರೆಯಿರಿ."

ದೇಸಾಯರು ಮತ್ತೆ ಮತ್ತೆ ಓದಿದರು. ಹರಿಯಲು ಒಂದೂ 'ನಾನು' ಸಿಗಲಿಲ್ಲ.

"ಯಾರವ್ವಾ ಈಕಿ?"

"ಅದನ್ನ ಹೇಳಬೇಕಂದ್ರ 'ನಾನು' ಅನ್ನಬೇಕಾಗ್ತೈತ್ರಿ ಸಾಹೇಬ್ರ. ನೀವ ಬ್ಯಾಡ ಅಂದೀರಿ."

ದೇಸಾಯರ ಮೀಸೆ ಮೊದಲು ಕುಣಿಯಿತು, ಆಮೇಲೆ ಹೊಟ್ಟೆ. ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡರು.

"ಆತು, ನಾಳೆಯಿಂದ ಬರಾಕ ಹೇಳು ಆಕಿಗೆ."

ಹೇಮವ್ವ ಆಗಲೇ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಿದ್ದಳು.

"ನಾಳೆತನಕ ಆಕಿಗೆ ತಡಿಯಾಕ ಆಗೂದಿಲ್ರಿ."